ಭೂತಬಂಗಲೆಯಲ್ಲಿ ಕ್ರಿಸ್‌ಮಸ್

ಅಕ್ಟೋಬರ್ ಎಂದರೆ ನಮ್ಮ ಮಂಡ್ಯ, ಮೈಸೂರು ಕಡೆ ದಸರೆಯ ಸಡಗರ. ಅಟ್ಟದಿಂದ ಬೊಂಬೆ ಇಳಿಸಿ ಧೂಳು ಒರೆಸುವ ಕಾಲ. ಆದರೆ 2023ರ ಅಕ್ಟೋಬರ್‌ನ ಒಂದು ಮಧ್ಯಾಹ್ನ ನಾನು ನಿಂತಿದ್ದದ್ದು ಎಲ್ಲಿ ಅಂತೀರಿ? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಅನಹೈಮ್ ಎಂಬ ಊರಿನ ಡಿಸ್ನಿಲ್ಯಾಂಡ್‌ನಲ್ಲಿ, ಭೂತಬಂಗಲೆಯೊಂದರ ಮುಂದಿನ ಉದ್ದನೆಯ ಸಾಲಿನಲ್ಲಿ! ಉಟ್ಟಿದ್ದು ಹತ್ತಿ ಸೀರೆ, ಕಾಲಿಗೆ ಮಗಳ ಕ್ಯಾನ್ವಾಸ್ ಶೂ. ಕೈ ಹಿಡಿದು ಜಗ್ಗುತ್ತಿದ್ದವನು ಆರು ವರ್ಷದ ಮೊಮ್ಮಗ ಪುಟ್ಟ.

ಬಂಗಲೆಯನ್ನು ಹೊರಗಿನಿಂದ ನೋಡಿದರೆ ಭಯವೇನೂ ಆಗುವುದಿಲ್ಲ. ಬಿಳಿ ಬಣ್ಣ, ಎತ್ತರದ ಕಂಬಗಳು, ಕಸೂತಿ ಹಾಕಿದಂಥ ಕಬ್ಬಿಣದ ಕಟಕಟೆ. ನಮ್ಮ ಹಳೆಯ ದಿವಾನರ ಮನೆಗಳ ಹಾಗೆ ಗಂಭೀರವಾಗಿದೆ. ಆದರೆ ಆ ಕಟಕಟೆಯ ಉದ್ದಕ್ಕೂ ಹಲ್ಲು ಕಿರಿಯುವ ಕುಂಬಳಕಾಯಿಗಳು! ಒಂದಲ್ಲ ಎರಡಲ್ಲ, ನೂರಾರು. ಅವುಗಳ ನಡುವೆ ಸಾಲು ಸಾಲು ಮೇಣದ ಬತ್ತಿಗಳು. ಕ್ರಿಸ್‌ಮಸ್‌ಗೆ ಕಟ್ಟುವ ಹಸಿರು ಎಲೆಯ ಹಾರವೂ ಇದೆ. ಆದರೆ ಆ ಹಾರಕ್ಕೂ ಕಣ್ಣು, ಕೋರೆ ಹಲ್ಲು. ಭೂತದ ಮನೆಗೆ ಹಬ್ಬದ ಅಲಂಕಾರ! ಹಿಂದಿನ ವಾರ ಆ ಸಿನಿಮಾ ನೋಡಿರದಿದ್ದರೆ ನನಗೂ ಇದರ ತಲೆಬುಡ ತಿಳಿಯುತ್ತಿರಲಿಲ್ಲ.

ಅಸ್ಥಿಪಂಜರಕ್ಕೆ ಹಬ್ಬದ ಆಸೆ

ಸಿನಿಮಾದ ಹೆಸರು ‘ದಿ ನೈಟ್‌ಮೇರ್ ಬಿಫೋರ್ ಕ್ರಿಸ್‌ಮಸ್’. ಕ್ರಿಸ್‌ಮಸ್ ಮುಂಚಿನ ಕೆಟ್ಟ ಕನಸು ಅನ್ನಬಹುದು. 1993ರ ಅಕ್ಟೋಬರ್‌ನಲ್ಲಿ ತೆರೆಗೆ ಬಂದ ಬೊಂಬೆ ಸಿನಿಮಾ. ನಾನು ಹೋಗಿದ್ದ ತಿಂಗಳಿಗೇ ಅದಕ್ಕೆ 30 ವರ್ಷ ತುಂಬಿತ್ತು.

ಕಥೆ ಹೀಗಿದೆ. ಅಕ್ಟೋಬರ್ 31ರ ರಾತ್ರಿ ಅಮೆರಿಕದಲ್ಲಿ ಹ್ಯಾಲೋವೀನ್ ಹಬ್ಬ. ಮಕ್ಕಳು ದೆವ್ವ ಭೂತಗಳ ವೇಷ ಹಾಕಿ ಮನೆ ಮನೆಗೆ ಹೋಗಿ ಮಿಠಾಯಿ ಕೇಳುತ್ತಾರೆ. ಆ ಹಬ್ಬವನ್ನು ನಡೆಸಿಕೊಡುವುದಕ್ಕೆಂದೇ ಒಂದು ಊರು ಇದೆಯಂತೆ. ಅಲ್ಲಿರುವವರೆಲ್ಲ ಭೂತ, ಮಾಟಗಾತಿ, ರಕ್ತ ಹೀರುವವರು. ಅವರಿಗೆಲ್ಲ ನಾಯಕ ಜ್ಯಾಕ್ ಸ್ಕೆಲಿಂಗ್ಟನ್. ಉದ್ದನೆಯ ಕೈಕಾಲಿನ ಅಸ್ಥಿಪಂಜರ, ಮೇಲೆ ಪಟ್ಟೆ ಕೋಟು. ವರ್ಷ ವರ್ಷವೂ ಜನರನ್ನು ಹೆದರಿಸಿ ಹೆದರಿಸಿ ಅವನಿಗೆ ಬೇಸರ ಬಂದಿದೆ. ಒಂದು ರಾತ್ರಿ ಅಲೆಯುತ್ತ ಕಾಡಿಗೆ ಹೋದರೆ ಅಲ್ಲಿಯ ಮರಗಳಿಗೆಲ್ಲ ಬಾಗಿಲು, ಒಂದೊಂದು ಬಾಗಿಲ ಹಿಂದೆ ಒಂದೊಂದು ಹಬ್ಬ! ಕ್ರಿಸ್‌ಮಸ್ ಮರದ ಬಾಗಿಲು ತೆರೆದು ಆ ಊರನ್ನು ನೋಡಿದವನೇ ಮರುಳಾಗಿಬಿಡುತ್ತಾನೆ. ಹಿಮ, ದೀಪ, ಉಡುಗೊರೆ, ಬೆಚ್ಚಗೆ ಮಲಗಿದ ಮಕ್ಕಳು... ಈ ವರ್ಷ ಈ ಹಬ್ಬವನ್ನು ನಾನೇ ಮಾಡುತ್ತೇನೆ ಎಂದು ಸಾಂತಾ ಕ್ಲಾಸನ್ನು ಹಿಡಿದು ತರಿಸುತ್ತಾನೆ.

ಪಾಪ, ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ಆದರೆ ಅವನಿಗೆ ಗೊತ್ತಿರುವುದು ಹೆದರಿಸುವುದೊಂದೇ. ಉಡುಗೊರೆಯ ಡಬ್ಬಿ ತೆರೆದ ಮಗುವಿಗೆ ಸಿಗುವುದು ಸುಕ್ಕುಗಟ್ಟಿದ ತಲೆ! ಇನ್ನೊಂದು ಮನೆಯಲ್ಲಿ ಹಾವು ಕ್ರಿಸ್‌ಮಸ್ ಮರವನ್ನೇ ನುಂಗುತ್ತದೆ. ಕೊನೆಗೆ ಸೈನ್ಯದವರು ಗುಂಡು ಹಾರಿಸಿ ಅವನ ಗಾಡಿಯನ್ನು ಬೀಳಿಸುತ್ತಾರೆ.

ನನಗೆ ಹಿಡಿಸಿದವಳು ಮಾತ್ರ ಸ್ಯಾಲಿ. ಚಿಂದಿ ಬಟ್ಟೆಯ ಹೆಣ್ಣುಗೊಂಬೆ, ಒಳಗೆ ತುಂಬಿರುವುದು ಒಣ ಎಲೆ. ಕೈ ಕಿತ್ತು ಬಂದರೆ ಯಾರನ್ನೂ ಕರೆಯುವುದಿಲ್ಲ, ತಾನೇ ಸೂಜಿ ದಾರ ತೆಗೆದು ಹೊಲಿದುಕೊಳ್ಳುತ್ತಾಳೆ. ಜ್ಯಾಕ್‌ನ ಹಬ್ಬ ಬೆಂಕಿಯಲ್ಲಿ ಮುಗಿಯುತ್ತದೆ ಎಂದು ಅವಳಿಗೆ ಮೊದಲೇ ಕಾಣುತ್ತದೆ. ಬೇಡ ಅನ್ನುತ್ತಾಳೆ. ಅವನು ಕೇಳುವುದಿಲ್ಲ. ಆದರೂ ಅವನ ಕೆಂಪು ಕೋಟನ್ನು ಹೊಲಿದುಕೊಡುವವಳೂ ಅವಳೇ! ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಇದೇ ಕಥೆ ನಡೆಯುವುದಿಲ್ಲ, ಹೇಳಿ?

ಮಗಳ ಹಿಂಜರಿಕೆ

ಈ ಸಿನಿಮಾ ಹಾಕಿ ಎಂದು ಪುಟ್ಟ ಹಟ ಹಿಡಿದಾಗ ಮಗಳು ಒಪ್ಪಿರಲಿಲ್ಲ. ‘ಬೇಡ ಅಮ್ಮ, ಬರೀ ಮೂಳೆ, ಸ್ಮಶಾನ. ಇನ್ನೂ ಚಿಕ್ಕೋನು’ ಅಂದಳು. ನಾನು ಸುಮ್ಮನಾದೆ. ಅವಳ ಹಿಂಜರಿಕೆಯ ಬೇರು ಸಿನಿಮಾದಲ್ಲಿ ಇರಲಿಲ್ಲ ಎಂಬುದು ನನಗೆ ಗೊತ್ತಿತ್ತು.

ನಮ್ಮ ಯಜಮಾನರು ಹೋದದ್ದು 2021ರ ಮೇ ತಿಂಗಳಲ್ಲಿ, ಕೊರೋನಾ ಎರಡನೇ ಅಲೆಯಲ್ಲಿ. ಮಗಳಿಗೆ ಬರಲಾಗಲಿಲ್ಲ. ಅಪ್ಪನನ್ನು ಅವಳು ಕೊನೆಯ ಸಲ ನೋಡಿದ್ದು ಫೋನಿನ ಪರದೆಯ ಮೇಲೆ, ಅವಳಿಗೆ ನಡುರಾತ್ರಿಯ ಹೊತ್ತಿನಲ್ಲಿ. ಪುಟ್ಟನಿಗಾಗ ನಾಲ್ಕು ವರ್ಷ. ಅವನಿಗೆ ಅವಳು ಏನೂ ಹೇಳಲಿಲ್ಲ. ತಾತ ಎಲ್ಲಿ ಅಂದರೆ ‘ಊರಲ್ಲಿದ್ದಾರೆ’ ಅನ್ನುತ್ತಿದ್ದಳು. ಆಮೇಲೆ ಅವನು ಕೇಳುವುದನ್ನೂ ಬಿಟ್ಟ. ನಾನು ಈ ಸಲ ಫ್ರೀಮಾಂಟ್‌ನ ಅವಳ ಮನೆಗೆ ಬಂದಾಗ ಯಜಮಾನರ ಫೋಟೋ ಬೀರುವಿನಲ್ಲಿ, ಸೀರೆಗಳ ಕೆಳಗಿತ್ತು. ನಾನು ನೋಡಿದೆ, ಅವಳೂ ನೋಡಿದಳು. ಇಬ್ಬರೂ ಮಾತಾಡಲಿಲ್ಲ.

ಕೊನೆಗೆ ಅಳಿಯಂದಿರೇ ಸಿನಿಮಾ ಹಾಕಿದರು. ಪುಟ್ಟ ಒಂದು ಸಲವೂ ಹೆದರಲಿಲ್ಲ. ಜ್ಯಾಕ್‌ನ ನಾಯಿ ಝೀರೋ, ಅದೂ ಸತ್ತ ನಾಯಿಯ ಭೂತ, ಮೂಗು ಮಾತ್ರ ದೀಪದ ಹಾಗೆ ಹೊಳೆಯುತ್ತದೆ. ಅದನ್ನು ನೋಡಿ ಬಿದ್ದು ಬಿದ್ದು ನಕ್ಕ. ಸ್ಕೂಲಿಗೆ ರಜೆ ಬರುವುದಿತ್ತು. ಡಿಸ್ನಿಲ್ಯಾಂಡ್‌ನಲ್ಲಿ ಈ ಸಿನಿಮಾದ ಮನೆ ಇದೆ ಎಂದು ಅಳಿಯಂದಿರು ಬಾಯಿಬಿಟ್ಟದ್ದೇ ತಡ, ಹೊರಟೆವು.

ಒಂದು ವಾರ ದುಡಿದರೆ ಒಂದು ನಿಮಿಷ

ಫ್ರೀಮಾಂಟ್‌ನಿಂದ ಅನಹೈಮ್‌ಗೆ ಸುಮಾರು 600 ಕಿಲೋಮೀಟರ್. ಕಾರಿನಲ್ಲಿ ಆರೇಳು ಗಂಟೆ. ಬಾದಾಮಿ ತೋಟಗಳು ಮುಗಿಯುವುದೇ ಇಲ್ಲ. ನಡುವೆ ಒಂದು ಕಡೆ ಸಾವಿರಾರು ದನಗಳನ್ನು ಕೂಡಿದ ಬಯಲು ಬರುತ್ತದೆ. ಕಿಟಕಿ ಮುಚ್ಚಿದರೂ ವಾಸನೆ ಬಿಡುವುದಿಲ್ಲ! ದಾರಿಯಲ್ಲಿ ಅಳಿಯಂದಿರು ಆ ಸಿನಿಮಾ ತಯಾರಾದ ಬಗೆಯನ್ನು ಹೇಳುತ್ತ ಬಂದರು.

ಕಥೆ ಹೊಳೆದದ್ದು ಟಿಮ್ ಬರ್ಟನ್ ಎಂಬಾತನಿಗೆ. ಲಾಸ್ ಏಂಜಲಿಸ್ ಪಕ್ಕದ ಬರ್ಬ್ಯಾಂಕ್‌ನಲ್ಲಿ ಹುಟ್ಟಿ ಬೆಳೆದವನು. ಅಂಗಡಿಯೊಂದರಲ್ಲಿ ಹ್ಯಾಲೋವೀನ್ ಸಾಮಾನು ತೆಗೆದು ಕ್ರಿಸ್‌ಮಸ್ ಸಾಮಾನು ಜೋಡಿಸುವುದನ್ನು ಕಂಡನಂತೆ. ಒಂದೇ ಗಾಜಿನ ಹಿಂದೆ ದೆವ್ವವೂ ಸಾಂತಾ ಕ್ಲಾಸೂ! ನಮ್ಮ ಪೇಟೆಬೀದಿಯಲ್ಲೂ ಗಣಪತಿ ಹೋಗಿ ಪಟಾಕಿ ಬರುವ ದಿನಗಳಲ್ಲಿ ಹೀಗೇ ಅಲ್ಲವೇ? 1982ರಲ್ಲಿ, ಡಿಸ್ನಿ ಕಂಪನಿಯಲ್ಲಿ ಚಿತ್ರ ಬರೆಯುವ ಕೆಲಸದಲ್ಲಿದ್ದಾಗ, ಅವನು ಇದನ್ನೊಂದು ಪದ್ಯವಾಗಿ ಬರೆದ. ಸಿನಿಮಾ ಆಗುವುದಕ್ಕೆ ಹತ್ತು ವರ್ಷಕ್ಕೂ ಮೇಲೆ ಬೇಕಾಯಿತು. ಅಷ್ಟರಲ್ಲಿ ಅವನಿಗೆ ಬೇರೆ ಚಿತ್ರದ ಕೆಲಸ. ಹಾಗಾಗಿ ಇದನ್ನು ನಿರ್ದೇಶಿಸಿದವನು ಹೆನ್ರಿ ಸೆಲಿಕ್. ಹಾಡು ಕಟ್ಟಿ ಜ್ಯಾಕ್‌ನ ಹಾಡುಗಳನ್ನು ತಾನೇ ಹಾಡಿದವನು ಡ್ಯಾನಿ ಎಲ್ಫ್‌ಮನ್.

ತಯಾರಾದದ್ದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಮಗಳ ಮನೆಯಿಂದ ಒಂದು ಗಂಟೆಯ ದಾರಿ. 1991ರಲ್ಲಿ ಚಿತ್ರೀಕರಣ ಶುರು. ನೂರಕ್ಕೂ ಹೆಚ್ಚು ಜನ, ಇನ್ನೂರಕ್ಕೂ ಹೆಚ್ಚು ಬೊಂಬೆಗಳು. ಬೊಂಬೆಯ ಕೈಯನ್ನು ಕೂದಲೆಳೆಯಷ್ಟು ಸರಿಸುವುದು, ಒಂದು ಫೋಟೋ ತೆಗೆಯುವುದು. ಮತ್ತೆ ಸರಿಸುವುದು, ಮತ್ತೊಂದು ಫೋಟೋ. ಪರದೆಯ ಮೇಲೆ ಒಂದು ಸೆಕೆಂಡಿಗೆ 24 ಚಿತ್ರ ಓಡಬೇಕು. ಒಂದು ವಾರ ದುಡಿದರೆ ಒಂದು ನಿಮಿಷದ ಸಿನಿಮಾ! 76 ನಿಮಿಷದ ಚಿತ್ರಕ್ಕೆ ಮೂರು ವರ್ಷ ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ. ಜ್ಯಾಕ್ ಒಬ್ಬನಿಗೇ ಸುಮಾರು ನಾನೂರು ತಲೆಗಳು. ಒಂದರಲ್ಲಿ ನಗು, ಒಂದರಲ್ಲಿ ಸಿಟ್ಟು, ಒಂದರಲ್ಲಿ ‘ಆ’, ಒಂದರಲ್ಲಿ ‘ಊ’. ಮಾತಾಡಿದ ಹಾಗೆಲ್ಲ ತಲೆ ಬದಲಿಸುತ್ತಾರೆ. ದಸರೆಗೆ ಒಂಬತ್ತು ಮೆಟ್ಟಿಲು ಬೊಂಬೆ ಕೂರಿಸಿ ಸುಸ್ತಾದೆ ಅನ್ನುವ ನಾನು ಕೇಳಿ ಬೆರಗಾದೆ.

ಮಕ್ಕಳು ಹೆದರಿಯಾರು ಎಂದು ಡಿಸ್ನಿಯವರೇ ಆಗ ಹಿಂಜರಿದರಂತೆ. ತಮ್ಮ ಹೆಸರಿನಲ್ಲಿ ಬಿಡದೆ, ತಮ್ಮದೇ ಟಚ್‌ಸ್ಟೋನ್ ಎಂಬ ಇನ್ನೊಂದು ಹೆಸರಿನಲ್ಲಿ ಬಿಟ್ಟರು. ನಾನು ಹಿಂದೆ ತಿರುಗಿ ಮಗಳ ಮುಖ ನೋಡಿದೆ. ಅವಳು ಕಿಟಕಿಯಾಚೆ ನೋಡುತ್ತಿದ್ದಳು.

ಒಳಗೆ ಹೋದಾಗ

ಡಿಸ್ನಿಲ್ಯಾಂಡ್ ಶುರುವಾದದ್ದು 1955ರ ಜುಲೈನಲ್ಲಿ. ಅದಕ್ಕೂ ಮುಂಚೆ ಅಲ್ಲಿದ್ದದ್ದು ಕಿತ್ತಳೆ ತೋಟಗಳು. ಈ ಭೂತಬಂಗಲೆಯ ಹೊರಮೈ 1963ಕ್ಕೇ ಎದ್ದು ನಿಂತಿತ್ತು. ಆದರೆ ಬಾಗಿಲು ತೆರೆದದ್ದು 1969ರ ಆಗಸ್ಟ್‌ನಲ್ಲಿ. ಕಟ್ಟಿಸಿದ ವಾಲ್ಟ್ ಡಿಸ್ನಿ ಅಷ್ಟರಲ್ಲಿ ತೀರಿಕೊಂಡಿದ್ದ. 2001ರಿಂದ ಹ್ಯಾಲೋವೀನ್ ಮತ್ತು ಕ್ರಿಸ್‌ಮಸ್ ಕಾಲಕ್ಕೆ ಮನೆಗೆ ಈ ಸಿನಿಮಾದ ವೇಷ ತೊಡಿಸುತ್ತಾರೆ. ಜ್ಯಾಕ್ ತನ್ನ ತಪ್ಪು ಹಬ್ಬವನ್ನು ಆಚರಿಸಲು ಈ ಬಂಗಲೆಗೆ ಬಂದಿದ್ದಾನೆ ಎಂಬುದು ಕಲ್ಪನೆ.

ಮೊದಲು ಎಂಟು ಮೂಲೆಯ ಕೋಣೆಯೊಂದಕ್ಕೆ ಎಲ್ಲರನ್ನೂ ತುಂಬಿ ಬಾಗಿಲು ಹಾಕುತ್ತಾರೆ. ಗೋಡೆಗಳು ಮೇಲಕ್ಕೆ ಬೆಳೆಯುತ್ತ ಹೋಗುತ್ತವೆ. ಗೋಡೆಯ ಚಿತ್ರಗಳೂ ಬೆಳೆದು ಬೇರೆಯೇ ರೂಪ ತಾಳುತ್ತವೆ. ನಿಜ ಏನೆಂದರೆ ಗೋಡೆ ಬೆಳೆಯುವುದಲ್ಲ, ನಾವು ನಿಂತ ನೆಲವೇ ಕೆಳಗಿಳಿಯುತ್ತದೆ! ಅದೊಂದು ದೊಡ್ಡ ಲಿಫ್ಟ್. ಬಂಗಲೆಯ ಹಿಂದೆ ರೈಲುಹಳಿ ಇದೆ. ಅದರ ಅಡಿಯಲ್ಲಿ ಹಾಯ್ದು ಆಚೆಯ ಕಟ್ಟಡಕ್ಕೆ ಹೋಗಬೇಕಾದ್ದರಿಂದ ಈ ಉಪಾಯ. ದೀಪ ಆರಿದಾಗ ಕಿರುಚಾಟ ಎದ್ದಿತು. ಪುಟ್ಟ ನನ್ನ ಸೆರಗು ಹಿಡಿದುಕೊಂಡ. ನಾನೂ ಅವನ ಕೈ ಹಿಡಿದೆ ಅನ್ನಿ.

ಆಮೇಲೆ ಕಪ್ಪು ಗಾಡಿಗಳು. ಸರಪಳಿಯ ಹಾಗೆ ಒಂದರ ಹಿಂದೆ ಒಂದು, ನಿಲ್ಲದೆ ಬರುತ್ತವೆ. ನಾನು, ಪುಟ್ಟ, ಮಗಳು ಒಂದರಲ್ಲಿ, ಅಳಿಯಂದಿರು ಹಿಂದಿನದರಲ್ಲಿ. ಕೊನೆ ಕಾಣದ ಪಡಸಾಲೆಯಲ್ಲಿ ಝೀರೋ ನಾಯಿ ಗಾಳಿಯಲ್ಲಿ ತೇಲುತ್ತಿತ್ತು. ಪುಟ್ಟ ಕೈ ಬೀಸಿದ.

ಮುಂದೆ ಊಟದ ದೊಡ್ಡ ಹಜಾರ. ಮೇಲಿನಿಂದ ಇಣುಕಿ ನೋಡಬೇಕು. ಉದ್ದನೆಯ ಮೇಜಿನ ಮೇಲೆ ಶುಂಠಿ ರೊಟ್ಟಿಯಲ್ಲಿ ಕಟ್ಟಿದ ಮನೆ. ಅದು ನಿಜವಾದ ತಿನಿಸೇ. ಪ್ರತಿ ವರ್ಷ ಹೊಸ ವಿನ್ಯಾಸ. ಶುಂಠಿಯ ಪರಿಮಳ ಮೂಗಿಗೆ ಬಂದು ನನಗೆ ಕಷಾಯದ ನೆನಪಾಯಿತು! ಸುತ್ತ ಭೂತಗಳು ಜೋಡಿ ಜೋಡಿಯಾಗಿ ಕುಣಿಯುತ್ತವೆ, ಮೈಯೆಲ್ಲ ಪಾರದರ್ಶಕ. ಇದು ಗಾಜಿನ ಆಟ. ದೊಡ್ಡ ಗಾಜು ನಿಲ್ಲಿಸಿ, ನಮಗೆ ಕಾಣದ ಜಾಗದಲ್ಲಿ ಬೊಂಬೆಗಳನ್ನು ಇಟ್ಟು ಬೆಳಕು ಬಿಟ್ಟರೆ, ಅವುಗಳ ಪ್ರತಿಬಿಂಬ ಹಜಾರದ ನಡುವೆ ನಿಂತ ಹಾಗೆ ಕಾಣುತ್ತದೆ. 1862ರಲ್ಲೇ ಲಂಡನ್ನಿನಲ್ಲಿ ತೋರಿಸಿದ ಉಪಾಯವಂತೆ. ರಾತ್ರಿ ಬಸ್ಸಿನ ಕಿಟಕಿಯಲ್ಲಿ ನಮ್ಮ ಮುಖ ಹೊರಗಿನ ಕತ್ತಲಲ್ಲಿ ತೇಲುವುದಿಲ್ಲವೇ, ಅದೇ.

ಅಲ್ಲಿಂದ ಗಾಡಿ ಸ್ಮಶಾನಕ್ಕೆ ಇಳಿಯಿತು. ನನ್ನ ಪಕ್ಕದಲ್ಲಿ ಮಗಳು ಬಿಗಿಯಾಗಿ ಕೂತದ್ದು ತಿಳಿಯಿತು. ಸಮಾಧಿಗಳ ಮೇಲೆಲ್ಲ ಬಿಳಿ ಹಿಮ. ಕುಂಬಳಕಾಯಿಗಳು ಹಾಡುತ್ತಿವೆ, ಭೂತಗಳು ಹಾಡುತ್ತಿವೆ. ಜ್ಯಾಕ್ ಸಾಂತಾ ಕ್ಲಾಸಿನ ಕೆಂಪು ಕೋಟು ಹಾಕಿಕೊಂಡು ನಿಂತಿದ್ದಾನೆ. ಸ್ಯಾಲಿಯೂ ಇದ್ದಾಳೆ.

‘ಅಜ್ಜಿ, ಇವರೆಲ್ಲಾ ಸತ್ತೋಗಿದ್ದಾರಾ?’

‘ಹೌದು ಪುಟ್ಟ.’

‘ಆದ್ರೂ ಹಬ್ಬ ಮಾಡ್ತಿದ್ದಾರೆ.’

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ‘ತಾತನೂ ಸತ್ತೋಗಿದ್ದಾರೆ ಅಲ್ವಾ?’ ಅಂದ.

ಗಾಡಿ ಹೋಗುತ್ತಲೇ ಇತ್ತು. ಕತ್ತಲಲ್ಲಿ ಮಗಳ ಮುಖ ಕಾಣಲಿಲ್ಲ. ನಾನು ಅವಳಿಗಾಗಿ ಕಾದೆ. ಅವಳು ಮಾತಾಡಲಿಲ್ಲ.

‘ಹೌದು ಪುಟ್ಟ’ ಅಂದೆ.

‘ನಂಗೊತ್ತು. ನೀನು ಒಬ್ಬಳೇ ಬಂದೆ. ಅಮ್ಮ ಏರ್‌ಪೋರ್ಟಲ್ಲಿ ಅಳ್ತಾ ಇದ್ಳು.’

ಹೊಳೆಯ ದಡದಲ್ಲಿ

ಹೊರಗೆ ಬಂದರೆ ಕಣ್ಣು ಕೋರೈಸುವ ಬಿಸಿಲು. ಬಂಗಲೆಯ ಎದುರೇ ತೋಡಿದ ಹೊಳೆಯೊಂದಿದೆ. ಅದರಲ್ಲಿ ಹಳೆಯ ಕಾಲದ ಹಡಗು ಹೊಗೆ ಬಿಡುತ್ತ ಸುತ್ತುತ್ತದೆ. ಅದರ ದಡದ ಬೆಂಚಿನ ಮೇಲೆ ಕೂತು ನಾನು ಚೀಲದಿಂದ ಚಪಾತಿ ಸುರುಳಿ ತೆಗೆದೆ. ಪುಟ್ಟ ತಿನ್ನುತ್ತ ಕೇಳಿದ, ‘ತಾತಂಗೂ ಈಗ ಬರೀ ಮೂಳೆನಾ, ಜ್ಯಾಕ್ ಥರ?’

ಮಗಳು ತಲೆ ತಗ್ಗಿಸಿದಳು. ಸುಳ್ಳು ಹೇಳುವುದಕ್ಕೆ ನನಗೆ ಮನಸ್ಸು ಬರಲಿಲ್ಲ.

‘ಇಲ್ಲ ಪುಟ್ಟ. ನಮ್ಮಲ್ಲಿ ಬೆಂಕಿಗೆ ಕೊಡ್ತೀವಿ. ಆಮೇಲೆ ಉಳಿದದ್ದನ್ನ ನಿಮ್ಮ ಮಾಮ ಶ್ರೀರಂಗಪಟ್ಟಣದ ಹತ್ತಿರ ಪಶ್ಚಿಮವಾಹಿನಿಯಲ್ಲಿ ಕಾವೇರಿಗೆ ಬಿಟ್ಟ.’

‘ನೋವಾಯ್ತಾ?’

‘ಇಲ್ಲ. ಸತ್ತ ಮೇಲೆ ನೋವು ಇರಲ್ಲ.’

‘ಹಾಗಾದ್ರೆ ತಾತ ನದೀಲಿ ಇದ್ದಾರಾ?’

‘ನದೀಲೂ ಇದ್ದಾರೆ. ನಿನ್ನ ಮೂಗಲ್ಲೂ ಇದ್ದಾರೆ. ಕನ್ನಡಿ ನೋಡ್ಕೋ, ಥೇಟ್ ಅವರದೇ.’

ಮೂಗು ಮುಟ್ಟಿ ನೋಡಿಕೊಂಡು ನಕ್ಕ. ಅಳಿಯಂದಿರು ಅವನನ್ನು ಐಸ್‌ಕ್ರೀಮ್ ಕೊಡಿಸಲು ಕರೆದುಕೊಂಡು ಹೋದರು. ಆಗ ಮಗಳು ಬಾಯಿಬಿಟ್ಟಳು.

‘ಫೋನಲ್ಲಿ ನೋಡಿದ್ದು ನಿಜ ಅಂತ ನಂಗೇ ಅನ್ನಿಸಲಿಲ್ಲ ಅಮ್ಮ. ಬೆಳಗ್ಗೆ ಎದ್ದು ಆಫೀಸ್ ಕೆಲಸ ಮಾಡಿದೆ. ನಾನೇ ನಂಬದೆ ಇದ್ದದ್ದನ್ನ ಅವನಿಗೆ ಹೇಗೆ ಹೇಳಲಿ?’

ಎರಡೂವರೆ ವರ್ಷದ ಅಳು ಅಂದು ಬಂತು. ಸುತ್ತ ಇಲಿಯ ಕಿವಿಯ ಟೋಪಿ ಹಾಕಿದ ಜನ ನಗುತ್ತ ಓಡಾಡುತ್ತಿದ್ದರು. ನಾನು ಅವಳ ಬೆನ್ನು ಸವರುತ್ತ ಕೂತೆ. ಮಗುವಿಗೆ ಸಾವು ತೋರಿಸಬಾರದು ಎಂದು ನಾವು ಹೇಳುತ್ತೇವೆ. ಇವನೋ, ತಾನು ಕೇಳಿದರೆ ಅಮ್ಮ ಅತ್ತಾಳು ಎಂದು ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದ.

ಫ್ರೀಮಾಂಟ್‌ನಲ್ಲಿ ಎಡೆ

ಆ ವಾರದ ಶನಿವಾರ, ಅಕ್ಟೋಬರ್ 14, ಮಹಾಲಯ ಅಮಾವಾಸ್ಯೆ. ನಮ್ಮ ಕಡೆ ಹಿರಿಯರ ಹಬ್ಬ ಅನ್ನುತ್ತೇವೆ. ಹೋದವರಿಗೆ ಹೊಸ ಬಟ್ಟೆ ಇಟ್ಟು, ಅವರು ಇಷ್ಟಪಡುತ್ತಿದ್ದದ್ದನ್ನು ಮಾಡಿ ಎಡೆ ಇಡುವುದು. ಊರಿನಲ್ಲಿ ಮಗ ಇಡುತ್ತಾನೆ. ಅಮೆರಿಕದಲ್ಲಿ ಏಕೆ ಬೇಡ ಎಂದು ಮಗಳೇ ಕೇಳಿದಳು.

ಬೀರುವಿನಿಂದ ಫೋಟೋ ಹೊರಗೆ ಬಂತು. ರಾಗಿಮುದ್ದೆ, ಅವರೆಕಾಳು ಸಾರು, ಕಜ್ಜಾಯ, ಒಂದು ಲೋಟ ಸ್ಟ್ರಾಂಗ್ ಕಾಫಿ. ಅವರೆಕಾಳು ಫ್ರೀಜರ್‌ನದ್ದು, ಯಜಮಾನರು ಇದ್ದಿದ್ದರೆ ಒಂದು ಮಾತು ಅಂದೇ ಅನ್ನುತ್ತಿದ್ದರು. ಪುಟ್ಟ ಒಳಗೆ ಓಡಿಹೋಗಿ, ಬರುವಾಗ ದಾರಿಯ ಅಂಗಡಿಯಲ್ಲಿ ಕೊಂಡಿದ್ದ ಶುಂಠಿ ಬಿಸ್ಕತ್ತನ್ನು ತಂದು ಎಲೆಯ ತುದಿಗೆ ಇಟ್ಟ. ಕೈ ಮುಗಿದು, ‘ತಾತ ಎಷ್ಟು ಗಂಟೆಗೆ ಬರ್ತಾರೆ?’ ಅಂದ. ಮಗಳು, ‘ಬಾಗಿಲು ಹಾಕಿ ಸ್ವಲ್ಪ ಹೊತ್ತು ಆಚೆ ಕೂರೋಣ ಬಾ, ಹೇಳ್ತೀನಿ’ ಎಂದು ಅವನನ್ನು ಕರೆದುಕೊಂಡು ಹೋದಳು. ಮೆಟ್ಟಿಲ ಮೇಲೆ ಕೂತು ಅಪ್ಪನ ಕಥೆ ಹೇಳುತ್ತಿದ್ದದ್ದು ನನಗೆ ಒಳಗಿನಿಂದ ಕೇಳುತ್ತಿತ್ತು.

ಹೋಗುವವರಿಗೆ ಎರಡು ಮಾತು

ಬಂಗಲೆಗೆ ಈ ವೇಷ ಇರುವುದು ವರ್ಷವಿಡೀ ಅಲ್ಲ. ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್‌ನಿಂದ ಜನವರಿಯ ಮೊದಲ ದಿನಗಳವರೆಗೆ. ಟಿಕೆಟ್ ದರ ದಿನಕ್ಕೊಂದು ಥರ. ವಾರದ ನಡುವಿನ ದಿನಗಳಲ್ಲಿ ಸಾಮಾನ್ಯವಾಗಿ ಕಡಿಮೆ. ಮೂರು ವರ್ಷದ ಒಳಗಿನ ಮಕ್ಕಳಿಗೆ ಟಿಕೆಟ್ ಬೇಡ. ಮನೆಯ ತಿಂಡಿ ಒಯ್ಯಬಹುದು, ಗಾಜಿನ ಬಾಟಲಿ ಬೇಡ. ಪುಳಿಯೋಗರೆ, ಚಪಾತಿ ಸುರುಳಿ ಒಳ್ಳೆಯದು, ಅಲ್ಲಿಯ ಊಟ ಕೈ ಸುಡುತ್ತದೆ. ಹಗಲು ಬಿಸಿಲಿದ್ದರೂ ಸಂಜೆಗೆ ಸ್ವೆಟರ್ ಇರಲಿ. ಸೀರೆ ಉಟ್ಟವರು ಗಾಡಿ ಹತ್ತುವಾಗ ನೆರಿಗೆ ಎತ್ತಿ ಹಿಡಿಯಿರಿ, ಗಾಡಿ ನಮಗಾಗಿ ನಿಲ್ಲುವುದಿಲ್ಲ, ಕಾಲಡಿಯ ಪಟ್ಟಿಯೂ ಚಲಿಸುತ್ತಿರುತ್ತದೆ. ಮಂಡಿ ನೋವಿನವರು ಅಲ್ಲಿಯ ಕೆಲಸಗಾರರಿಗೆ ಮೊದಲೇ ಹೇಳಿ.

ಮಕ್ಕಳನ್ನು ಕರೆದೊಯ್ಯುವ ಮುಂಚೆ ಮನೆಯಲ್ಲಿ ಸಿನಿಮಾ ತೋರಿಸಿ. ಚೀಲದ ಮೈಯ ಊಗಿ ಬೂಗಿ ಎಂಬ ಭೂತ ಬರುವಾಗ ಹೆದರಿದರೆ ಅಲ್ಲಿಗೇ ನಿಲ್ಲಿಸಿ, ಮುಂದಿನ ವರ್ಷ ನೋಡಿದರಾಯಿತು. ಹೆದರದೆ ಏನಾದರೂ ಕೇಳಿದರೆ ಮಾತ್ರ ಸಿನಿಮಾ ನಿಲ್ಲಿಸಿಯಾದರೂ ಉತ್ತರ ಹೇಳಿ.